ಇಸ್ತ್ರಿಯಕ್ಕನ ಹೆಗಲು, ಕೆಂಡದಜ್ಜಿಯ ಕತ್ತು

ಇಸ್ತ್ರಿಯಕ್ಕನ ಹೆಗಲು ಒಂದು ದಿನ ಇದ್ದಕ್ಕಿದ್ದಂತೆ ಕೈಕೊಟ್ಟಿತು ಎಂದು ಬೀದಿಯವರು ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು. ಯಾವ ಹೆಗಲೂ ಇದ್ದಕ್ಕಿದ್ದಂತೆ ಕೈಕೊಡುವುದಿಲ್ಲ. ವರ್ಷಗಟ್ಟಲೆ ಗೊಣಗಿ, ಬೇಡಿ, ಅತ್ತು, ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಕೊನೆಗೆ ಮುಷ್ಕರ ಹೂಡುತ್ತದೆ, ಅಷ್ಟೇ. ಇಸ್ತ್ರಿಯಕ್ಕನಂಥ ಹಠಮಾರಿಯ ಪಾಲಿಗೆ ಬಿದ್ದ ಹೆಗಲು ಇನ್ನೇನು ತಾನೆ ಮಾಡೀತು? ನೋವು ಬಂದರೆ ಹಲ್ಲು ಕಚ್ಚುವುದು, ಹೆಚ್ಚಾದರೆ ಇನ್ನೂ ಗಟ್ಟಿಯಾಗಿ ಕಚ್ಚುವುದು. ಅವಳಿಗೆ ಗೊತ್ತಿದ್ದ ಔಷಧ ಅದೊಂದೇ.

ಆ ದಿನ ಅವಳು ಬಿಳಿ ಹೊದಿಕೆಯೊಂದನ್ನು ಅರ್ಧ ಮುಗಿಸಿದ್ದಳು. ಬಲಗೈ ಬೆರಳುಗಳಿಗೆ ಜೋಮು ಹಿಡಿಯಿತು. ಇಸ್ತ್ರಿಪೆಟ್ಟಿಗೆ ಜಾರಿ, ಮೇಜಿನ ಅಂಚು ದಾಟಿ, ಅವಳ ಪಾದದ ಪಕ್ಕದಲ್ಲೇ ಧಡಾರನೆ ಬಿತ್ತು. ನೆಲದ ಕಲ್ಲು ಬಿರುಕು ಬಿಟ್ಟಿತು. ವ್ಯಾನಿನಿಂದ ಬಟ್ಟೆಗಂಟು ಇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಗಂಡ ಅದನ್ನು ಕಣ್ಣಾರೆ ಕಂಡ.

ಗಂಡ ಒಳ್ಳೆಯವನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನನ್ನು ಬೈಯಬೇಡಿ. ಮನೆಮನೆಗೆ ಹೋಗಿ ಬಟ್ಟೆ ತರುವುದು, ಮಡಿಸಿದ್ದನ್ನು ತಲುಪಿಸುವುದು ಅವನ ಕೆಲಸ. ಹೆಂಡತಿ ರಾತ್ರಿ ಮಗ್ಗುಲು ಬದಲಿಸುವಾಗ ಮುಲುಗುವುದನ್ನು ಕೇಳಿ ಕೇಳಿ ಅವನ ಜೀವ ಸೊರಗಿ ಹೋಗಿತ್ತು.

"ಸಾಕು ಕಣೇ," ಎಂದ, ಗಂಟನ್ನು ಅಲ್ಲೇ ಹಾಕಿ. "ದೊಡ್ಡ ರಸ್ತೆಯ ಮೆಷಿನ್ ಲಾಂಡ್ರಿಯವರ ಹತ್ರ ಮಾತಾಡ್ತೀನಿ. ಬಟ್ಟೆ ನಾವು ತಗೊಳ್ಳೋದು, ಇಸ್ತ್ರಿ ಅವರು ಮಾಡೋದು. ಈ ಮೇಜು ತೆಗೆದು ಕೌಂಟರ್ ಹಾಕೋಣ. ನೀನು ರಾಣಿ ಹಾಗೆ ಕೂತ್ಕೊಂಡು ಚೀಟಿ ಹರಿದು ಕೊಡು."

"ರಾಣಿ ಬೇಕಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಮೇಜು ಮಾತ್ರ ಅಲ್ಲಾಡಲ್ಲ."

"ಕೈಯೇ ಅಲ್ಲಾಡ್ತಿಲ್ಲ, ಮೇಜಿನ ಮಾತು ಯಾಕೆ? ಹೋದ ತಿಂಗಳು ತೋರಿಸಿದಾಗ ಡಾಕ್ಟರು ಏನಂದ್ರು? ಮೂಳೆ ಸರಿಯಾಗಿದೆ, ಕೆಲಸದ ರೀತಿ ಬದಲಾಗಬೇಕು, ಇಲ್ಲಾ ಕೆಲಸ ಬಿಡಬೇಕು ಅಂದ್ರಲ್ವಾ?"

ಡಾಕ್ಟರು ಹಾಗೆ ಹೇಳಿದ್ದು ನಿಜ. ಆ ಮಾತಿನಲ್ಲಿ ಎರಡು ಭಾಗ ಇದ್ದವು, ಗಂಡನಿಗೆ ಎರಡನೆಯದೊಂದೇ ಕೇಳಿಸಿತ್ತು. ಇಸ್ತ್ರಿಯಕ್ಕ ಮೇಜಿನ ಮೇಲೆ ಕೈ ಇಟ್ಟಳು. ಮೇಲೆ ಹಾಸಿದ್ದ ದಪ್ಪ ಕಂಬಳಿಯಲ್ಲಿ ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂದು ಅವಳ ಅಂಗೈಗೆ ಗೊತ್ತು. ಮುದುಡಿಕೊಂಡು ಬಂದ ಬಟ್ಟೆ ಅವಳ ಕೈ ದಾಟಿದ ಮೇಲೆ ತಲೆಯೆತ್ತಿ ನಿಲ್ಲುತ್ತಿತ್ತು. ಈ ಮೇಜು ಹೋದರೆ ತಾನು ಯಾರು ಎಂಬ ಪ್ರಶ್ನೆ ಎದ್ದು ಅವಳಿಗೆ ಭಯವಾಯಿತು. ಭಯವಾದಾಗ ಅವಳಿಗೆ ಬರುತ್ತಿದ್ದುದು ಅಳುವಲ್ಲ, ಹಠ.

"ತಿಂಗಳ ಕೊನೆಗೆ ಪಿಟೀಲು ಮೇಷ್ಟ್ರ ವಾದ್ಯವೃಂದದ ಅಂಗಿಗಳು ಬರ್ತವಲ್ಲ," ಎಂದಳು. "ಎದೆ ತುಂಬ ನೆರಿಗೆ ಇರೋವು. ಅಷ್ಟನ್ನೂ ನೀವು ಎದುರು ಕೂತು ನೋಡ್ತಿರೋ ಹಾಗೇ ಮುಗಿಸ್ತೀನಿ. ನನ್ನ ಮುಖದಲ್ಲಿ ನೋವು ಕಂಡ್ರೆ ಮೇಜನ್ನ ನೀವೇ ಎತ್ತಿ ಹೊರಗೆ ಹಾಕಿ, ನಾನು ತುಟಿ ಪಿಟಕ್ ಅನ್ನಲ್ಲ."

"ಕೊಟ್ಟ ಮಾತಿಗೆ ತಪ್ಪಬಾರದು ಮತ್ತೆ."

"ನೀವೂ."

ಬಾಗಿಲ ಪಕ್ಕದ ಕುರ್ಚಿಯಿಂದ ಅತ್ತೆ ಬೀದಿ ಕಡೆ ನೋಡುತ್ತಲೇ ನುಡಿದಳು. "ನಮ್ಮ ಕಾಲದಲ್ಲಿ ಹೆಗಲು ನೋವು ಅಂತ ಯಾರೂ ಅಂದಿದ್ದಿಲ್ಲಪ್ಪ. ಹೆಗಲು ಇದೆ ಅನ್ನೋದೇ ಗೊತ್ತಿರ್ಲಿಲ್ಲ."

ಇವಳೇ ಕೆಂಡದಜ್ಜಿ. ಹಿಂದೆ ಇದೇ ಮೇಜಿನಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ಇಡೀ ಬೀದಿಯ ಬಟ್ಟೆಗೆ ಗರಿ ಕೊಟ್ಟವಳು. ಆ ಹೆಸರು ಬಂದದ್ದು ಪೆಟ್ಟಿಗೆಯ ಕೆಂಡದಿಂದಲೋ ನಾಲಿಗೆಯ ಕೆಂಡದಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅವಳದೊಂದು ಚಾಳಿ ಇತ್ತು. ಯಾರ ಜೊತೆ ಮಾತಾಡುವಾಗಲೂ ಮುಖವನ್ನು ಎಡಕ್ಕೆ ತಿರುಗಿಸಿಕೊಂಡೇ ಇರುತ್ತಿದ್ದಳು. ಮನೆಗೆ ಬಂದ ಹೊಸದರಲ್ಲಿ ಇಸ್ತ್ರಿಯಕ್ಕ ಅದಕ್ಕೆ ಅತ್ತದ್ದೂ ಉಂಟು. ಸೊಸೆಗೆ ಮುಖ ಕೊಟ್ಟು ಮಾತಾಡಿದರೆ ಈ ಮಹಾರಾಣಿಯ ಕಿರೀಟ ಬೀಳುತ್ತದೇನೋ ಎಂದು ಗೊಣಗಿ, ಆಮೇಲೆ ಗೊಣಗುವುದನ್ನೂ ಬಿಟ್ಟಿದ್ದಳು.

ದಾರಿ ತೋರಿಸಿದ್ದು ಪಿಟೀಲು ಮೇಷ್ಟ್ರು. ಪಿಟೀಲನ್ನು ಗದ್ದಕ್ಕೆ ಒತ್ತಿ ಒತ್ತಿ ಅವರ ಕತ್ತು ಒಮ್ಮೆ ಪೂರ್ತಿ ಹಿಡಿದುಕೊಂಡಿತ್ತಂತೆ. "ಅಂಚೆಕಚೇರಿ ಮೇಲಿನ ಮಹಡೀಲಿ ಒಬ್ಬ ಮೇಡಂ ಇದಾರೆ. ಮೈಯನ್ನ ಗಮನಿಸೋದು ಕಲಿಸ್ತಾರೆ. ಎಷ್ಟು ನಿಧಾನ ಅಂದ್ರೆ ನಾವೆಲ್ಲ ಆಮೆ ಮೇಡಂ ಅಂತಲೇ ಕರೆಯೋದು. ಹೋಗಿ ನೋಡಿ."

"ನೆಲದ ಮೇಲೆ ಮಲಗಿಸ್ತಾರಂತೆ," ಎಂದು ಗಂಡ ಮನೆಯಲ್ಲಿ ಹೇಳಿದಾಗ ಕೆಂಡದಜ್ಜಿ ಬೀದಿಯ ವಿದ್ಯುತ್ ಕಂಬಕ್ಕೆ ಹೇಳುವಂತೆ ಹೇಳಿದಳು, "ಮಲಗೋದನ್ನ ಕಲಿಯೋಕೂ ಶಾಲೆ! ನಾಳೆ ಆಕಳಿಸೋಕೆ ಕಾಲೇಜು ತೆಗೀತಾರೆ ನೋಡ್ತಿರು."

ಮಹಡಿಯ ಕೋಣೆಯಲ್ಲಿ ಚಾಪೆಗಳು, ದೊಡ್ಡ ಕಿಟಕಿ, ಮತ್ತೇನೂ ಇಲ್ಲ. ಆಮೆ ಮೇಡಂ ಗಿಡ್ಡ ಹೆಂಗಸು, ಬರಿಗಾಲು, ಮೆತ್ತನೆ ದನಿ. ಮಂಡಿ ಮಡಚಿ ಅಂಗಾತ ಮಲಗಿ ತಲೆಯನ್ನು ಎತ್ತದೆ ಮೆಲ್ಲಗೆ ಹೊರಳಿಸಲು ಹೇಳಿದಳು. ಇಷ್ಟೇನಾ ಎಂದುಕೊಂಡ ಇಸ್ತ್ರಿಯಕ್ಕ ಕಿವಿ ಚಾಪೆಗೆ ತಾಗುವ ತನಕ ತಲೆ ತಿರುಗಿಸಿದಳು. ಕತ್ತಿನಲ್ಲಿ ಚುಳಕ್ ಎಂದಿತು. ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸಿದಳು.

ಮೇಡಂ ಬಂದು ಪಕ್ಕದಲ್ಲಿ ಕೂತಳು. "ಎಲ್ಲಿಗೆ ಹೊರಟಿದ್ದೀರಿ?"

"ಎಲ್ಲಿಗೂ ಇಲ್ಲ. ನೀವು ಹೇಳಿದ್ದನ್ನ ಮಾಡ್ತಿದೀನಿ."

"ನಿಧಾನವಾಗಿ ಮಾಡೋದ್ರಲ್ಲೂ ಮೊದಲನೇ ಬಹುಮಾನ ಹೊಡೀಬೇಕು ಅಂತ ಇದೆಯಾ? ಅರ್ಧ ಮಾಡಿ. ಆಮೇಲೆ ಆ ಅರ್ಧದಲ್ಲಿ ಅರ್ಧ. ನೋವು ಬಂದ ಮೇಲೆ ಅಲ್ಲ, ಬರೋದಕ್ಕೆ ಮುಂಚೆ ನಿಲ್ಸಿ."

"ಬರೋದು ಮುಂಚೆ ಹೇಗೆ ಗೊತ್ತಾಗುತ್ತೆ?"

"ಅದನ್ನ ಕಲಿಯೋಕೇ ಅಲ್ವಾ ಬಂದಿರೋದು."

ಮೊದಲ ಪಾಠ ಮುಗಿಸಿ ಮೆಟ್ಟಿಲಿಳಿಯುವಾಗ ಇಸ್ತ್ರಿಯಕ್ಕನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೀವಮಾನವಿಡೀ ಹೆಚ್ಚು ಮಾಡು, ಜೋರಾಗಿ ಒತ್ತು, ಬೇಗ ಮುಗಿಸು ಎಂದು ಕೇಳಿ ಬೆಳೆದವಳಿಗೆ ಕಡಿಮೆ ಮಾಡು ಎನ್ನುವುದು ಬೈಗುಳದ ಹಾಗೇ ಕೇಳಿಸಿತು. ಮರುದಿನ ಕತ್ತು ಮೊದಲಿಗಿಂತ ಹೆಚ್ಚು ನೊಂದಿತು. ಗಂಡ "ಹೇಳ್ಲಿಲ್ವಾ?" ಎಂಬ ಮುಖ ಮಾಡಿದ, ಬಾಯಿ ಬಿಡದಷ್ಟು ಬುದ್ಧಿ ಅವನಿಗಿತ್ತು. ಆ ಮುಖ ನೋಡಿಯೇ ಅವಳು ನಿರ್ಧರಿಸಿದಳು: ಆಯ್ತು, ಕಡಿಮೆ ಮಾಡುವುದೇ ಪಂದ್ಯವಾದರೆ ಅದರಲ್ಲೂ ಈ ಬೀದಿಯಲ್ಲಿ ನನ್ನನ್ನು ಮೀರಿಸುವವರು ಇರಬಾರದು.

ಅಲ್ಲಿಂದ ಅವಳು ಒಂದೂ ಪಾಠ ತಪ್ಪಿಸಲಿಲ್ಲ. ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಬಟ್ಟೆಗಂಟುಗಳ ನಡುವೆ ಜಾಗ ಮಾಡಿ ಮಲಗುತ್ತಿದ್ದಳು. ಬಲ ಹಿಮ್ಮಡಿ ನೆಲಕ್ಕೆ ಒತ್ತಿದಷ್ಟು ಎಡದ್ದು ಒತ್ತುವುದಿಲ್ಲ ಎಂದು ಒಂದು ದಿನ ಗೊತ್ತಾಯಿತು. ಬಲಗಡೆಯ ಬೆನ್ನಿನ ಹಲಗೆ, ಹೆಗಲ ಹಿಂದಿನ ಆ ಚಪ್ಪಟೆ ಮೂಳೆ, ನೆಲಕ್ಕೆ ತಾಗುವುದೇ ಇಲ್ಲ, ಏನೂ ಮಾಡದೆ ಮಲಗಿದಾಗಲೂ ಹೆಗಲು ಕಿವಿಯ ಹತ್ತಿರ ಏರಿ ಕೂತಿರುತ್ತದೆ ಎಂದು ಇನ್ನೊಂದು ದಿನ ತಿಳಿಯಿತು. ತನ್ನದೇ ಮೈ, ತನಗೇ ಪರಿಚಯವಿಲ್ಲ! ಪಕ್ಕದ ಮನೆಯವರ ಬಟ್ಟೆ ನೋಡಿ ಅವರ ಜಗಳ, ಜ್ವರ ಎಲ್ಲ ಹೇಳಬಲ್ಲವಳಿಗೆ ತನ್ನ ಹೆಗಲು ಎಲ್ಲಿದೆ ಎಂದು ಗೊತ್ತಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ರಾತ್ರಿ ಮುಲುಗುವುದು ಕಡಿಮೆಯಾಯಿತು. ಆದರೆ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದರೆ ಸಾಕು, ನೋವು ಹಳೆಯ ನೆಂಟನ ಹಾಗೆ ನೇರ ಒಳಗೆ ಬಂದು ಕೂರುತ್ತಿತ್ತು.

"ಬಟ್ಟೆ ಇಲ್ಲ, ಪೆಟ್ಟಿಗೆ ಇಲ್ಲ. ಬರೀ ಕೈಯಲ್ಲಿ ಇಸ್ತ್ರಿ ಮಾಡಿ ತೋರಿಸಿ," ಎಂದಳು ಆಮೆ ಮೇಡಂ ಒಂದು ದಿನ.

ಇಸ್ತ್ರಿಯಕ್ಕ ಗಾಳಿಯಲ್ಲಿ ಅಂಗಿ ಹರಡಿ, ಗಾಳಿಯಲ್ಲಿ ಪೆಟ್ಟಿಗೆ ಹಿಡಿದು ಕೈ ಮುಂದೆ ಚಾಚಿದಳು.

"ಉಸಿರು ಎಲ್ಲಿ ಹೋಯ್ತು?"

ಹೌದಲ್ಲ! ಕೈ ಮುಂದೆ ಹೋದೊಡನೆ ಉಸಿರು ನಿಂತುಬಿಟ್ಟಿತ್ತು.

"ಇನ್ನೊಂದ್ಸಲ. ಈಗ ಗದ್ದ ಗಮನಿಸಿ. ಎಡಗಡೆ ಏನಿದೆ?"

"ಏನೂ ಇಲ್ಲ. ಗೋಡೆ."

"ಮತ್ತೆ ಯಾಕೆ ಆ ಕಡೆ ನೋಡ್ತೀರಿ?"

ಇಸ್ತ್ರಿಯಕ್ಕ ಇನ್ನೂ ಎರಡು ಸಲ ಕೈ ಚಾಚಿ ನೋಡಿದಳು. ಕೈ ಮುಂದೆ ಸರಿದಾಗಲೆಲ್ಲ ಮುಖ ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು, ಹೆಗಲು ಮೇಲೇರುತ್ತಿತ್ತು, ಉಸಿರು ನಿಲ್ಲುತ್ತಿತ್ತು. ಮೂರೂ ಒಟ್ಟಿಗೆ. "ನನಗ್ಗೊತ್ತಿಲ್ಲ ಮೇಡಂ. ನೇರ ಮಾಡ್ಕೊಳ್ತೀನಿ ಬಿಡಿ."

"ಬೇಡ. ಯಾಕೆ ಅಂತ ನಂಗೂ ಗೊತ್ತಿಲ್ಲ. ನಿಮ್ಮ ಕತ್ತಿಗೆ ಏನೋ ಕಾರಣ ಇರುತ್ತೆ. ಅದನ್ನ ಬೈಬೇಡಿ, ನೋಡ್ತಾ ಇರಿ."

ನೋಡ್ತಾ ಇರುವ ತಾಳ್ಮೆ ಯಾರಿಗಿದೆ? ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಅಂಗಡಿಯಲ್ಲಿ ಮೇಜಿನ ಬಲಕ್ಕೆ ಗೋಡೆ, ಎಡಕ್ಕೆ ಬೀದಿ. ಗಿರಾಕಿ ಬಂದರೋ ಎಂದು ನೋಡುವ ಚಟ ಇರಬೇಕು ಎಂದುಕೊಂಡು, ಗಂಡನ ಕೈಲಿ ಮೇಜಿನ ದಿಕ್ಕನ್ನೇ ತಿರುಗಿಸಿದಳು. ಈಗ ಎಡಕ್ಕೆ ಗೋಡೆ. ಕೈ ಮುಂದೆ ಹೋಯಿತು, ಮುಖ ಗೋಡೆ ಕಡೆ ತಿರುಗಿತು. ಗೋಡೆಯ ಕ್ಯಾಲೆಂಡರ್ ಕಾರಣವೋ ಎಂದು ಅದನ್ನೂ ತೆಗೆಸಿದಳು. ಮುಖ ಬರಿಗೋಡೆ ನೋಡಿತು. "ಇನ್ನು ಗೋಡೆ ಒಂದು ಬಾಕಿ, ಕೆಡವಿಬಿಡ್ಲಾ?" ಎಂದ ಗಂಡ, ಮೇಜನ್ನು ಮತ್ತೆ ಮೊದಲಿನ ಹಾಗೆ ಎಳೆಯುತ್ತ. ಅವಳು ಬಲವಂತವಾಗಿ ಮುಖ ನೆಟ್ಟಗೆ ಹಿಡಿದು ನೋಡಿದಳು. ಕತ್ತು ಎರಡು ದಿನ ಗೂಟದಂತೆ ನಿಂತಿತು. ಬೈಬೇಡಿ ಎಂದಿದ್ದಳು ಮೇಡಂ. ಇಸ್ತ್ರಿಯಕ್ಕ ಬಾಯಿ ತುಂಬ ಬೈದಳು.

ಉತ್ತರ ಸಿಕ್ಕಿದ್ದು ಒಂದು ಮಧ್ಯಾಹ್ನ. ಕೆಂಡದಜ್ಜಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಕೈ ಮಡಿಲಲ್ಲಿತ್ತು. ಮುಖ ಎಡಕ್ಕೆ ತಿರುಗಿಯೇ ಇತ್ತು.

ಇಸ್ತ್ರಿಯಕ್ಕ ಮಡಿಸುತ್ತಿದ್ದ ಅಂಗಿಯನ್ನು ಹಾಗೇ ಬಿಟ್ಟಳು. ನಿದ್ದೆಯಲ್ಲಿ ಯಾರಾದರೂ ಸೊಕ್ಕು ಮಾಡುತ್ತಾರೆಯೇ? ನಿದ್ದೆಯಲ್ಲಿ ಯಾರ ಮೇಲೆ ಮುನಿಸು? ಅತ್ತೆಯ ಬಲ ಹೆಗಲು ಕಿವಿಯ ಹತ್ತಿರ ಏರಿ ಕೂತಿತ್ತು. ಆ ಹೆಗಲನ್ನು ಅವಳು ಬಲ್ಲಳು. ಬೆಳಗ್ಗೆ ನೆಲದ ಮೇಲೆ ಮಲಗಿದಾಗ ದಿನಾ ಭೇಟಿಯಾಗುತ್ತಿದ್ದ ಹೆಗಲು ಅದು.

ಅವಳು ಸ್ಟೂಲು ಹತ್ತಿ ಅಟ್ಟದಿಂದ ಹಳೆಯ ಇದ್ದಿಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಳಿಸಿದಳು. ಅಬ್ಬಾ, ಏನು ಭಾರ! ಪಕ್ಕದಲ್ಲಿ ಗಾಳಿಗೆ ತೂತುಗಳು, ಮೇಲೆ ಮುಚ್ಚಳ, ಸವೆದ ಮರದ ಹಿಡಿ. ಅದನ್ನು ಮೇಜಿನ ಮೇಲಿಟ್ಟು ಹಿಡಿಗೆ ಬೆರಳು ಸುತ್ತಿದ್ದೇ ತಡ, ಮೈ ತಾನೇ ಸಜ್ಜಾಯಿತು. ಹೆಗಲು ಏರಿತು. ಉಸಿರು ನಿಂತಿತು. ಮುಖ ಎಡಕ್ಕೆ ಹೊರಳಿತು.

ಬೂದಿ!

ಮದುವೆಯಾಗಿ ಬಂದ ಹೊಸತು. ಕೆಂಡ ತುಂಬಿದ ಈ ಪೆಟ್ಟಿಗೆಯನ್ನು ಮೊದಲ ಸಲ ಅವಳ ಕೈಗೆ ಕೊಟ್ಟಿದ್ದರು. ಅವಳು ಬಗ್ಗಿ ಉಸಿರು ಬಿಟ್ಟಳು, ತೂತಿನಿಂದ ಬೂದಿ ಹಾರಿ ಯಾರದೋ ಬಿಳಿ ಅಂಗಿಯ ಎದೆ ಮೇಲೆ ಕೂತಿತು. "ಉಸಿರು ಹಿಡಿಯೇ! ಬಿಡೋದಿದ್ರೆ ಬೀದಿ ಕಡೆ ತಿರುಗಿ ಬಿಡು!" ಎಂದು ಅತ್ತೆ ಗದರಿದ್ದಳು. ಅವಳು ಬಿಸಿಗೆ, ಭಾರಕ್ಕೆ, ಅತ್ತೆಗೆ ಹೆದರಿ ಹೆದರಿ ಕಲಿತಳು. ಆಮೇಲೆ ಕರೆಂಟಿನ ಹಗುರ ಪೆಟ್ಟಿಗೆ ಬಂತು. ಕೆಂಡ ಹೋಯಿತು, ಬೂದಿ ಹೋಯಿತು. ಹೋಗಿದೆ ಎಂದು ಅವಳ ಕತ್ತಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಆ ಬಡಪಾಯಿ ಇಲ್ಲದ ಬೂದಿಯನ್ನು ಕಾಯುತ್ತ, ಇಲ್ಲದ ಭಾರವನ್ನು ಎತ್ತುತ್ತ ನಿಂತಿತ್ತು.

ಇಸ್ತ್ರಿಯಕ್ಕನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಕುರ್ಚಿಯಲ್ಲಿ ಮಲಗಿದ್ದ ಆ ತಿರುಗಿದ ಮುಖವನ್ನು ನೋಡಿ, ಇದನ್ನು ಸೊಕ್ಕು ಎಂದುಕೊಂಡು ಎಷ್ಟು ವರ್ಷ ಬೈದೆನಲ್ಲ ಎಂದು ಅವಳಿಗೆ ಸಂಕಟವಾಯಿತು.

ಆ ಸಂಜೆಯೇ ಅವಳು ಕರೆಂಟಿನ ಪೆಟ್ಟಿಗೆ ಹಿಡಿದು, ಬಿಳಿ ಕಾಲರಿನ ಮೇಲೆ ಬೇಕಂತಲೇ ಬಗ್ಗಿ ಉಸಿರು ಬಿಡಲು ನೋಡಿದಳು. ಆಗಲಿಲ್ಲ. ಎದೆ ಬಿಗಿಯಿತು. ಬಿಸಿಯಾದ ಪೆಟ್ಟಿಗೆಯನ್ನು ಮುಟ್ಟಲು ಹೆದರದ ಹೆಂಗಸಿಗೆ ತನ್ನ ಉಸಿರೇ ಹೆದರಿಕೆ. ಅರ್ಧ ಮಾಡಿ, ಅರ್ಧದಲ್ಲಿ ಅರ್ಧ. ತುಸುವೇ ಬಿಟ್ಟಳು. ಕಾಲರಿನ ಮೇಲೆ ಏನೂ ಹಾರಲಿಲ್ಲ. ಇನ್ನಷ್ಟು ಬಿಟ್ಟಳು. ಏನೂ ಇಲ್ಲ. ಬಿಳಿ ಬಿಳಿಯಾಗಿಯೇ ಇತ್ತು. ಹೆಗಲು ಅದನ್ನು ನಂಬಲೋ ಬೇಡವೋ ಎಂಬಂತೆ ಒಂಚೂರು ಕೆಳಗಿಳಿಯಿತು.

ತಿಂಗಳ ಕೊನೆಗೆ ಪಿಟೀಲು ಮೇಷ್ಟ್ರ ಅಂಗಿಗಳು ಬಂದವು. ಗಂಡ ವ್ಯಾನು ನಿಲ್ಲಿಸಿ, ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕೂತ. ಕೌಂಟರ್ ಹಲಗೆ ಆಗಲೇ ಬಂದು ಗೋಡೆಗೆ ಒರಗಿತ್ತು. "ನೋಡು, ನಾಟಕ ನಡಿಯಲ್ಲ. ನಿನ್ನ ಮುಖ ನಂಗೆ ಬಾಯಿಪಾಠ," ಎಂದ.

"ಕಣ್ಣು ಮಿಟುಕಿಸದೆ ನೋಡಿ," ಎಂದಳು.

ನೀರು ಚಿಮುಕಿಸಿ ಮೊದಲ ಅಂಗಿ ಹರಡಿದಳು. ಪಾದ ಊರಿ, ಭಾರ ನೆಲಕ್ಕೆ ಬಿಟ್ಟು, ಹೆಗಲಿನಿಂದ ತಳ್ಳದೆ ಇಡೀ ಮೈಯನ್ನು ಮುಂದಕ್ಕೆ ಕೊಟ್ಟಳು. ಪೆಟ್ಟಿಗೆ ತನ್ನ ತೂಕದಲ್ಲೇ ಸರಿಯಿತು. ಒಂದೊಂದೇ ನೆರಿಗೆ ಎದ್ದು ಕೂತಿತು. ಅಂಗಿಯ ಮೇಲೆ ಅಂಗಿ ಪೇರಿಸುತ್ತ ಹೋದಳು. ಗಂಡ ಅವಳ ಮೂಗಿನ ತುದಿಯವರೆಗೂ ಬಗ್ಗಿ ಹುಬ್ಬು ಪರೀಕ್ಷಿಸುತ್ತಿದ್ದ.

ಗಂಟು ಅರ್ಧ ಮುಗಿದಾಗ ಬೆನ್ನಿನ ಹಲಗೆಯ ಕೆಳಗೆ ಸಣ್ಣಗೆ ಬಿಗಿಯಿತು. ನೋವಲ್ಲ. ನೋವಿಗೆ ಮುಂಚಿನದು. ಹಿಂದಿನ ಇಸ್ತ್ರಿಯಕ್ಕನಾಗಿದ್ದರೆ ಹಲ್ಲು ಕಚ್ಚುತ್ತಿದ್ದಳು, ಗೆಲ್ಲುವ ಆತುರದಲ್ಲಿ ಸೋಲುತ್ತಿದ್ದಳು. ಈಗ ಅವಳು ಪೆಟ್ಟಿಗೆಯನ್ನು ನಿಲ್ಲಿಸಿ, ಸ್ವಿಚ್ಚು ಆರಿಸಿ, ಬೀದಿಯವರೆಲ್ಲ ನೋಡುತ್ತಿರುವಾಗಲೇ ಬಿರುಕು ಬಿಟ್ಟ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು.

ಗಂಡ ಗಾಬರಿಯಾಗಿ ಎದ್ದ. "ಸಾಕು ಬಿಡೇ. ಸೋತೆ ಅಂತ ಯಾರೂ ಅನ್ನಲ್ಲ. ನಾನು ಹಲಗೆ—"

"ಹಲಗೆ ಮುಟ್ಟಬೇಡಿ! ಸೋತಿಲ್ಲ, ನಿಲ್ಸಿದೀನಿ ಅಷ್ಟೇ. ಮುಖದಲ್ಲಿ ನೋವು ಕಂಡಿತಾ, ಹೇಳಿ."

ಅವನು ಬಗ್ಗಿ ನೋಡಿದ. "ಇಲ್ಲ," ಎಂದ, ಒಪ್ಪಿಕೊಳ್ಳಲು ಮನಸ್ಸಿಲ್ಲದವನ ಹಾಗೆ.

ಹಾದು ಹೋಗುತ್ತಿದ್ದವರು ಇಣುಕಿದರು. ಇಣುಕಲಿ. ಅವಳು ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ಹೊರಳಿಸಿದಳು, ಬೆನ್ನಿನ ಹಲಗೆ ನೆಲ ಹುಡುಕಿಕೊಳ್ಳಲು ಬಿಟ್ಟಳು. ಬಿಗಿತ ಸಡಿಲಿತು. ಎದ್ದಳು. ಸ್ವಿಚ್ಚು ಹಾಕಿದಳು. ಹೊಸ ಅಂಗಿ ಹರಡಿ, ಮುಖ ನೇರ ಬಟ್ಟೆಯ ಮೇಲಿಟ್ಟು, ಕೈ ಮುಂದೆ ಚಾಚುತ್ತ ಎದೆಯಲ್ಲಿದ್ದ ಉಸಿರನ್ನೆಲ್ಲ ಉದ್ದಕ್ಕೆ ಹೊರಗೆ ಬಿಟ್ಟಳು. ಅಂಗಡಿಯೆಲ್ಲ ಕೇಳುವಂಥ ಉಸಿರು.

"ಉಸಿರು ಹಿಡಿಯೇ!" ಬೀದಿ ನೋಡುತ್ತಿದ್ದ ಕೆಂಡದಜ್ಜಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದಳು. "ಬಿಳಿ ಅಂಗಿ ಮೇಲೆ... ಬೂದಿ ಹಾರುತ್ತೆ!"

ಗಂಡ ಪಕ್ಕನೆ ನಕ್ಕ. "ಯಾವ ಬೂದಿನಮ್ಮಾ? ವೈರಲ್ಲಿ ಬರುತ್ತಾ?"

ಯಾರೂ ಜೊತೆಗೆ ನಗದಿದ್ದಾಗ ಅವನ ನಗು ಅರ್ಧಕ್ಕೇ ನಿಂತಿತು. ಕೆಂಡದಜ್ಜಿ ಬಾಯಿ ತೆರೆದು ಹಾಗೇ ನಿಂತಿದ್ದಳು. ಅವಳ ಬಲಗೈ ಮೆಲ್ಲಗೆ ಮೇಲೆ ಹೋಗಿ ತನ್ನ ಕತ್ತನ್ನು ಮುಟ್ಟಿ ನೋಡಿಕೊಂಡಿತು, ಬೇರೆ ಯಾರದೋ ವಸ್ತು ಮುಟ್ಟುವ ಹಾಗೆ. ಆಮೇಲೆ ಮತ್ತೆ ಕುರ್ಚಿಯಲ್ಲಿ ಕೂತಳು.

ಇಸ್ತ್ರಿಯಕ್ಕ ಮತ್ತೆ ಪೆಟ್ಟಿಗೆ ಹಿಡಿದಳು. ಕತ್ತನ್ನು ಬೈಬೇಡಿ, ನೋಡ್ತಾ ಇರಿ ಎಂದು ಮೇಡಂ ಹೇಳಿದ್ದು ನೆನಪಿತ್ತು. ಉಳಿದ ಅಂಗಿಗಳನ್ನು ಮುಗಿಸಿದಳು. ಇನ್ನೊಮ್ಮೆ ನಿಲ್ಲಿಸಿದಳು, ಇನ್ನೊಮ್ಮೆ ಮಲಗಿದಳು, ಮತ್ತೆ ಎದ್ದಳು. ಕೊನೆಯ ಅಂಗಿಯ ಕೊನೆಯ ಗುಂಡಿ ಹಾಕಿ ಮಡಿಸಿದಾಗ ಕೈಯಲ್ಲಿ ದಣಿವಿತ್ತು, ನೋವಿರಲಿಲ್ಲ. ಎರಡೂ ಬೇರೆ ಬೇರೆ ಎಂದು ಅವಳಿಗೆ ಈಗ ಗೊತ್ತಿತ್ತು. ಗಂಡ ಎದ್ದು, ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಹೊರಗೆ ಹೊರಟ.

"ಎಲ್ಲಿಗೆ?" ಎಂದಳು.

"ವಾಪಸ್ ಕೊಡೋಕೆ. ಇನ್ನೆಲ್ಲಿಗೆ?" ಬಾಗಿಲಲ್ಲಿ ಒಮ್ಮೆ ನಿಂತ. "ಈ ಹಲಗೆ ಹೊರೋದ್ರಲ್ಲಿ ನನ್ನ ಸೊಂಟ ಹೋಗುತ್ತೇನೋ."

"ಉಸಿರು ಹಿಡೀಬೇಡಿ, ಬಿಟ್ಟು ನಡೀರಿ," ಎಂದಳು. ಅವನು ಬೀದಿಯುದ್ದಕ್ಕೂ ಫೂ ಫೂ ಎನ್ನುತ್ತ ಹೋದ.

ಅಂಗಡಿಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಕೆಂಡದಜ್ಜಿ ಬೀದಿಗೆ ಕೇಳುವ ಹಾಗೆ ಕೆಮ್ಮಿದಳು. "ಅದು... ಆ ಆಮೆ ಕಲಿಸೋದು. ನೆಲದ ಮೇಲೆ ಬಿದ್ದೇ ಮಾಡ್ಬೇಕಾ? ಕುರ್ಚಿಯಲ್ಲಿ ಕೂತು ಆಗಲ್ವಾ?"

"ಆಗುತ್ತೆ ಅತ್ತೆ."

ಇಸ್ತ್ರಿಯಕ್ಕ ಸ್ಟೂಲು ಎಳೆದು ಅವಳ ಎದುರು ಕೂತಳು. "ಕತ್ತು ತಿರುಗಿಸ್ಬೇಡಿ. ಬರೀ ಕಣ್ಣು. ಕಣ್ಣನ್ನ ಮಾತ್ರ ನನ್ನ ಕಡೆ ತನ್ನಿ. ಹಾಂ. ಮತ್ತೆ ಬೀದಿ ಕಡೆ ಬಿಡಿ. ಉಸಿರು ಹೊರಗೆ. ಇನ್ನೊಂದ್ಸಲ."

"ಇಷ್ಟೇನಾ?"

"ಇಷ್ಟರಲ್ಲಿ ಅರ್ಧ."

"ನಂಗೆ ಕಲಿಸೋಕೆ ಬಂದ್ಲು," ಎಂದಳು ಅತ್ತೆ. ಆದರೂ ಮಾಡಿದಳು. ಕಣ್ಣು ಬಂತು, ಹೋಯಿತು. ಬಂತು, ಹೋಯಿತು. ಎಷ್ಟೋ ಸಲದ ಮೇಲೆ ಕಣ್ಣಿನ ಹಿಂದೆ ಮೂಗು ಒಂದು ಕೂದಲೆಳೆ ಬಂತು. "ಇನ್ನೊಂದ್ಸಲ," ಎಂದಳು ಇಸ್ತ್ರಿಯಕ್ಕ. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಅಜ್ಜಿ ಅದನ್ನು ನೋಡಲು ತಿರುಗಲಿಲ್ಲ. ಮುದಿ ಹೆಗಲು ನಿಟ್ಟುಸಿರಿನೊಂದಿಗೆ ಇಳಿಯಿತು. ಮುಖ ಪೂರ್ತಿ ನೇರವಾಗಲಿಲ್ಲ, ಆಗುವುದೂ ಇಲ್ಲವೇನೋ. ಆದರೆ ಎರಡೂ ಕಣ್ಣು ಸೊಸೆಯ ಮುಖದ ಮೇಲೆ ಒಟ್ಟಿಗೆ ಬಂದು ನಿಲ್ಲುವಷ್ಟು ಬಂತು. ಈ ಮನೆಗೆ ಬಂದಾಗಿನಿಂದ ಮೊದಲ ಸಲ.

ಕೆಂಡದಜ್ಜಿ ಅವಳನ್ನು ತುಂಬ ಹೊತ್ತು ನೋಡಿದಳು.

"ಏ," ಎಂದಳು ಕೊನೆಗೆ. ದನಿಯಲ್ಲಿ ಕೆಂಡವಿರಲಿಲ್ಲ. "ನಿಂಗೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತೇ?"

ಇಸ್ತ್ರಿಯಕ್ಕ ಕೈಯೆತ್ತಿ ತನ್ನ ಬೈತಲೆ ಸವರಿಕೊಂಡಳು. "ನೀವು ಬೀದಿ ಕಡೆ ನೋಡ್ತಿದ್ದಾಗ, ಅತ್ತೆ."

ಮುದುಕಿ ನಕ್ಕಳು. ನಕ್ಕಾಗ ಕತ್ತು ಇನ್ನೊಂದಿಷ್ಟು ಈ ಕಡೆ ಬಂತು. ಇಸ್ತ್ರಿಯಕ್ಕ ಅದನ್ನು ನೋಡಿದಳು, ಹೇಳಲಿಲ್ಲ.